ಓಆರ್‌ಎಸ್ ಪಾಠ ಮತ್ತು ಒಂದು ಸ್ಟೀಲ್ ಲೋಟ

ಭೇದಿಯಾದಾಗ ಕುಡಿಸುವ ಉಪ್ಪು-ಸಕ್ಕರೆಯ ದ್ರಾವಣವಾದ ಓಆರ್‌ಎಸ್ ತಯಾರಿಸುವ ಬಗೆಯನ್ನು ಕೇಳಿದರೆ ನಮ್ಮ ಏಳನೇ ತರಗತಿಯ ಮಕ್ಕಳು ‘ಒಂದು ಪೊಟ್ಟಣಕ್ಕೆ ಒಂದು ಲೀಟರ್ ನೀರು’ ಎಂದು ಒಕ್ಕೊರಲಿನಿಂದ ಹೇಳುತ್ತಿದ್ದರು. ಶಾಲೆಯ ಎಫ್‌ಎ ಕಿರುಪರೀಕ್ಷೆಯಲ್ಲಿಯೂ ಹಾಗೆಯೇ ಬರೆದು ಅಂಕ ಪಡೆದಿದ್ದರು. ಆದರೆ ಕಳೆದ ವರ್ಷ ಬಿಸಿಯೂಟಕ್ಕೆ ಸ್ವಲ್ಪ ಮೊದಲು ಬಾಲಕಿಯೊಬ್ಬಳು ಭೇದಿಯಿಂದ ಸುಸ್ತಾಗಿ ಜಗಲಿಯಲ್ಲಿ ಕುಳಿತಾಗ, ಅವಳ ಸಹಪಾಠಿಗಳು ಪ್ರಥಮ ಚಿಕಿತ್ಸಾ ಪೆಟ್ಟಿಗೆಯ ದೊಡ್ಡ ಪೊಟ್ಟಣವನ್ನು ಒಡೆದು, ಅಷ್ಟೂ ಪುಡಿಯನ್ನು ಒಂದು ಸ್ಟೀಲ್ ಲೋಟದ ನೀರಿಗೆ ಸುರಿದು ಕಲಕುತ್ತಿದ್ದರು. ಲೋಟವು ಅವಳ ಬಾಯಿಗೆ ತಾಗುವುದಕ್ಕೆ ಮೊದಲೇ ನಾನು ಕೈ ಹಿಡಿದೆ.

‘ಅಂಗಡಿ ಪ್ಯಾಕೆಟ್ಟು ಒಂದ್ ಲೋಟಕ್ಕೇ ಹಾಕೋದು ಮಿಸ್’ ಎಂದ ಅವರಲ್ಲೊಬ್ಬ ಹುಡುಗ. ಅವನ ಮಾತು ಸುಳ್ಳಲ್ಲ. ಅಂಗಡಿಯಲ್ಲಿ ಸಿಗುವ ನಾಲ್ಕು ಗ್ರಾಂ ಚಿಲ್ಲರೆಯ ಚಿಕ್ಕ ಪೊಟ್ಟಣ 200 ಮಿಲಿ ನೀರಿಗೆ, ಇಪ್ಪತ್ತು ಗ್ರಾಂ ದಾಟುವ ದೊಡ್ಡದು ಒಂದು ಲೀಟರಿಗೆ. ದೊಡ್ಡದನ್ನು ಲೋಟದಲ್ಲಿ ಕರಗಿಸಿದರೆ ಉಪ್ಪು ಐದು ಪಟ್ಟಾಗುತ್ತದೆ. ನೀರು ಕಳೆದುಕೊಂಡ ದೇಹದಲ್ಲಿ ಸೋಡಿಯಂ ಇನ್ನಷ್ಟು ಏರಿ ಫಿಟ್ಸ್ ಕೂಡ ಬರಬಹುದು. ಎರಡೂ ಪೊಟ್ಟಣಗಳನ್ನು ಒಟ್ಟಿಗೆ ಮುಂದಿಟ್ಟುಕೊಂಡು ಓದಲು ಅವನಿಗೆ ಯಾರೂ ಹೇಳಿರಲಿಲ್ಲ.

ಆಮೇಲಿನ ಕೆಲವು ನಿಮಿಷಗಳು ಒಂದು ಲೀಟರನ್ನು ಹುಡುಕುವುದರಲ್ಲಿ ಕಳೆದವು. ಅಡುಗೆ ಕೋಣೆಯಲ್ಲಿ ಕೊಳಗ, ಬಕೆಟ್, ಚೊಂಬು ಎಲ್ಲವೂ ಇದ್ದವು, ಅಳತೆಯ ಗುರುತು ಮಾತ್ರ ಯಾವುದರ ಮೇಲೂ ಇರಲಿಲ್ಲ. ಕೊನೆಗೆ ಸಹೋದ್ಯೋಗಿಯೊಬ್ಬರ ಚೀಲದಲ್ಲಿ ಒಂದು ಲೀಟರಿನ ಬಾಟಲಿ ಸಿಕ್ಕಿತು. ಹೊಸ ಪೊಟ್ಟಣ ಕರಗಿಸಿ, ಚಮಚದಲ್ಲಿ ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತಾ, ಅವಳ ತಾಯಿ ಬಂದ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಿದೆವು. ಸಂಜೆಯ ಹೊತ್ತಿಗೆ ಅವಳು ಚೇತರಿಸಿಕೊಂಡಳು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೇ ತರಗತಿಯವರಿಗೆ ಬ್ಯಾಗ್‌ರಹಿತ ದಿನಗಳನ್ನು ಸೂಚಿಸಿರುವುದು ಹೀಗೆ ಕೈಯಾರೆ ಮಾಡಿ ಕಲಿಯುವುದಕ್ಕೆಂದೇ ಎಂದು ನಾನು ನಂಬಿದ್ದೇನೆ. ಆದರೆ ಮೇಲಿನವರು ಕೇಳುವುದು ಫೋಟೊ ಮತ್ತು ವರದಿ. ಹಾಗಾಗಿ ಒಂದು ಮೇಜಿನ ಮೇಲೆ ಶಿಕ್ಷಕರು ಮಾಡಿ ತೋರಿಸುತ್ತಾರೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಚಟುವಟಿಕೆ ಮುಗಿಯಿತೆಂದು ಬರೆದುಕೊಳ್ಳುತ್ತಾರೆ.

ಈಗ ನನ್ನ ತರಗತಿಯಲ್ಲಿ ಪ್ರತಿ ಮಗುವೂ ಮನೆಯ ಚೊಂಬನ್ನು ತಂದು, ವಿಜ್ಞಾನ ಕಿಟ್ಟಿನ ಅಳತೆ ಜಾಡಿಯಿಂದ ನೀರು ಸುರಿದು, ಒಂದು ಲೀಟರಿನ ಮಟ್ಟಕ್ಕೆ ಗುರುತು ಹಾಕಿಕೊಳ್ಳಬೇಕು. ಲೀಟರಿನದೆಂದು ಮನೆಯವರೆಲ್ಲ ನಂಬಿದ್ದ ಚೊಂಬಿನಲ್ಲಿ ಮುಕ್ಕಾಲು ಲೀಟರ್ ಮಾತ್ರ ಹಿಡಿದದ್ದನ್ನು ಕಂಡು ಹುಡುಗಿಯೊಬ್ಬಳು ಮತ್ತೊಮ್ಮೆ ಅಳೆದು ನೋಡಿದಳು. ಬಳಿಕ ಪೊಟ್ಟಣದ ಮೇಲಿರುವ ನೀರಿನ ಪ್ರಮಾಣ, ಅವಧಿ ಮುಗಿಯುವ ದಿನಾಂಕ, ಕಲಸಿದ್ದನ್ನು 24 ಗಂಟೆಯೊಳಗೆ ಬಳಸಬೇಕೆಂಬ ಸೂಚನೆ, ಇವನ್ನು ಗಟ್ಟಿಯಾಗಿ ಓದಿಸುತ್ತೇನೆ. ಇದಕ್ಕೆ ಎರಡು ಪೀರಿಯಡ್ ಹಿಡಿಯುತ್ತದೆ, ಗಣಿತದ ಪಾಠ ಹಿಂದೆ ಬೀಳುತ್ತದೆ. ಬಿದ್ದರೂ ನಾನು ಇದನ್ನು ಬಿಡುವುದಿಲ್ಲ.