ಯಾವ ಊರಿಗೆ ಹೋಗಲಿ ಎಂದು ಕೇಳುವವರಿಗೆ

ನಾನು ಗೇ ಎಂದು ಬಹಿರಂಗವಾಗಿ ಬರೆಯತೊಡಗಿದ ಮೇಲೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯಿಂದ ಮುಗಿಯುತ್ತವೆ: ‘ಸರ್, ನಮ್ಮಂಥವರು ನೆಮ್ಮದಿಯಿಂದ ಇರಬಹುದಾದ ಊರು ಯಾವುದು?’ ಕೇಳುವವರು ತಾಲ್ಲೂಕು ಕೇಂದ್ರಗಳಲ್ಲೋ ಹಳ್ಳಿಗಳಲ್ಲೋ ಇರುವ, ಇಪ್ಪತ್ತರ ಆಸುಪಾಸಿನ ಹುಡುಗರು, ಹುಡುಗಿಯರು. ಬೆಂಗಳೂರು ಎಂಬ ಉತ್ತರವನ್ನು ಅವರು ಮೊದಲೇ ಊಹಿಸಿಕೊಂಡಿರುತ್ತಾರೆ.

ಆ ಊಹೆ ಸುಳ್ಳಲ್ಲ. ಗುಡ್ ಆ್ಯಸ್ ಯು ಎಂಬ ನಮ್ಮವರ ಬೆಂಬಲ ಗುಂಪು ಇಲ್ಲಿ 1994ರಲ್ಲೇ ಸೇರತೊಡಗಿತ್ತು. ನಮ್ಮಂಥವರು ಹೆಮ್ಮೆಯಿಂದ ಬೀದಿಗಿಳಿಯುವ ಪ್ರೈಡ್ ಮೆರವಣಿಗೆ ಇಲ್ಲಿ ಮೊದಲು ನಡೆದದ್ದು 2008ರಲ್ಲಿ. ಮುಂಬೈಯಲ್ಲಿ ನಮ್ಮವರಿಗಾಗಿ ಕೆಲಸ ಮಾಡುವ ಹಮ್‌ಸಫರ್ ಟ್ರಸ್ಟ್ ಇದೆ. ಕೋಲ್ಕತ್ತದಲ್ಲಂತೂ 1999ರಲ್ಲೇ ಬೆರಳೆಣಿಕೆಯ ಮಂದಿ ಬೀದಿಗಿಳಿದು ದೇಶದ ಮೊದಲ ಪ್ರೈಡ್ ನಡಿಗೆ ನಡೆಸಿದ್ದರು. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 377ನೇ ಕಲಮಿನಡಿ ನಾವು ಅಪರಾಧಿಗಳಾಗಿದ್ದ ದಿನಗಳವು. ಆ ಧೈರ್ಯವನ್ನು ನೆನೆದರೆ ಇಂದಿಗೂ ನನ್ನ ಗಂಟಲು ಕಟ್ಟುತ್ತದೆ.

ಆದರೆ ಪತ್ರ ಬರೆದವರಿಗೆ ನಾನು ಮೊದಲು ಹೇಳುವುದು ಕೊಚ್ಚಿಯ ಕಥೆ. 2017ರಲ್ಲಿ ಕೊಚ್ಚಿ ಮೆಟ್ರೋ 23 ಟ್ರಾನ್ಸ್‌ಜೆಂಡರ್ ಸಿಬ್ಬಂದಿಯನ್ನು ನೇಮಿಸಿಕೊಂಡಾಗ ದೇಶವೇ ಮೆಚ್ಚಿಕೊಂಡಿತು. ಕೆಲವೇ ದಿನಗಳಲ್ಲಿ ಅವರಲ್ಲಿ ಹಲವರು ಕೆಲಸ ಬಿಟ್ಟರು. ಬಾಡಿಗೆಗೆ ಮನೆ ಸಿಗದಿದ್ದುದು ಅದಕ್ಕೆ ದೊಡ್ಡ ಕಾರಣ. ಸರ್ಕಾರ ಒಪ್ಪಿತ್ತು, ಪ್ರಯಾಣಿಕರು ಒಪ್ಪಿದ್ದರು, ಮನೆಯ ಮಾಲೀಕರು ಒಪ್ಪಲಿಲ್ಲ.

ಇದು ನನಗೂ ಗೊತ್ತಿರುವ ಸಂಗತಿ. ಬೆಂಗಳೂರಿನಲ್ಲಿ ನನ್ನ ಸಂಗಾತಿ ಮತ್ತು ನಾನು ಮೊದಲ ಮನೆ ಹಿಡಿದದ್ದು ಚಿಕ್ಕಪ್ಪ-ದೊಡ್ಡಪ್ಪನ ಮಕ್ಕಳೆಂದು ಹೇಳಿ. ಮಾಲೀಕರು ಯಾವಾಗ ಬೇಕಾದರೂ ಒಳಗೆ ಬರುತ್ತಿದ್ದರು. ಅದಕ್ಕಾಗಿಯೇ ಎರಡನೆಯ ಮಂಚ ಒಂದನ್ನು ಕೊಂಡೆವು. ಅದರ ಮೇಲೆ ಹಾಸಿಗೆ, ದಿಂಬು, ಮಡಿಸಿದ ಹೊದಿಕೆ. ದಿನಾ ಬೆಳಿಗ್ಗೆ ಆ ಹೊದಿಕೆಯನ್ನು ಕೊಡವಿ, ಯಾರೋ ಮಲಗಿ ಎದ್ದಂತೆ ಒಂದಿಷ್ಟು ಸುಕ್ಕು ಮಾಡುವುದು ನನ್ನ ಕೆಲಸ. ಮೂರು ವರ್ಷ ಹಾಗೆ ಮಾಡಿದೆ.

ಕಾನೂನು ಎಲ್ಲಿಯವರೆಗೆ ಜೊತೆಗಿದೆ ಎಂಬುದೂ ಗೊತ್ತಿರಲಿ. 377ನೇ ಕಲಮಿನ ಬಗ್ಗೆ ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ಕೊಟ್ಟ ತೀರ್ಪಿನಿಂದ ನಾವು ಅಪರಾಧಿಗಳಲ್ಲ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಮನೆ ಬಾಡಿಗೆಗೆ ಕೊಡುವಲ್ಲಿ ತಾರತಮ್ಯ ಮಾಡುವಂತಿಲ್ಲ ಎಂದು 2019ರ ಕಾಯ್ದೆ ಹೇಳುತ್ತದೆ. ಸಲಿಂಗ ಜೋಡಿಗಳಿಗೆ ಅಂಥ ಆಸರೆ ಇಲ್ಲ. 2023ರಲ್ಲಿ ಸುಪ್ರೀಂ ಕೋರ್ಟು ಮದುವೆಯ ಹಕ್ಕನ್ನೂ ಮಾನ್ಯ ಮಾಡಲಿಲ್ಲ. ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲವೆಂದು 2024ರಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಸ್ಪಷ್ಟಪಡಿಸಿದೆ. ಸಣ್ಣದು ಅನ್ನಿಸಬಹುದು, ಆದರೂ ಊರು ಬಿಟ್ಟು ಬಂದ ಇಬ್ಬರಿಗೆ ಅದು ಬಹಳ ಬೇಕಾದದ್ದು.

ದೊಡ್ಡ ನಗರದಲ್ಲಿ ಮಾತ್ರ ನಮ್ಮವರಿದ್ದಾರೆಂಬ ಭಾವನೆ ಈ ಪತ್ರಗಳಲ್ಲಿ ಕಂಡಾಗ ಅದು ನನ್ನನ್ನು ಕಾಡುತ್ತದೆ. ಸವದತ್ತಿಯ ಎಲ್ಲಮ್ಮನ, ಹುಲಿಗೆಮ್ಮನ ಸನ್ನಿಧಿಗಳಲ್ಲಿ ಗಂಡಾಗಿ ಹುಟ್ಟಿ, ದೇವಿಗೆ ಮುಡಿಪಾಗಿ ಹೆಣ್ಣಿನ ಉಡುಗೆಯಲ್ಲಿ ಬದುಕುವ ಜೋಗಪ್ಪಂದಿರು ಚೌಡಿಕೆ ಎಂಬ ತಂತಿವಾದ್ಯ ಹಿಡಿದು ಹಾಡುತ್ತಾ ಬಂದಿದ್ದಾರೆ. 2021ರಲ್ಲಿ ಪದ್ಮಶ್ರೀ ಪಡೆದ ಟ್ರಾನ್ಸ್‌ಜೆಂಡರ್ ಜಾನಪದ ಕಲಾವಿದೆ ಮಂಜಮ್ಮ ಜೋಗತಿ ನೆಲೆ ಕಂಡುಕೊಂಡದ್ದು ಮರಿಯಮ್ಮನಹಳ್ಳಿಯಲ್ಲಿ. ಮನೆಯವರಿಂದ ದೂರವಾದ ಅವರಿಗೆ ಜೋಗತಿ ಕುಣಿತ ಕಲಿಸಿ, ಜೊತೆಗೆ ಕರೆದೊಯ್ದ ಗುರು ಸಿಕ್ಕಿದ್ದರು. ಆ ಬದುಕು ಸುಲಭದ್ದೆಂದು ನಾನು ಹೇಳಲಾರೆ. ದೇವಿಯ ಹೆಸರಿನಲ್ಲಿ ಕೈಮುಗಿಯುವವರೇ ಬಾಡಿಗೆಗೆ ಮನೆ ಕೇಳಿದರೆ ಬಾಗಿಲು ಹಾಕುವುದುಂಟು.

ಆದ್ದರಿಂದ ನನ್ನ ಉತ್ತರ: ಊರಿಗಿಂತ ಮೊದಲು ಜನರನ್ನು ಹುಡುಕಿ. ಕೈಯಲ್ಲಿ ಕೆಲಸ ಇರಲಿ, ಅದಿಲ್ಲದೆ ಬೆಂಗಳೂರು ಯಾರಿಗೂ ಕರುಣೆ ತೋರುವುದಿಲ್ಲ. ಬ್ಯಾಗು ಹೊತ್ತು ಬರುವ ಮುಂಚೆ ಒಂದೆರಡು ಬಾರಿ ಬಂದು, ಬೆಂಬಲ ಗುಂಪಿನ ಭೇಟಿಯಲ್ಲಿ ಸುಮ್ಮನೆ ಕುಳಿತು ಹೋಗಿ. ಮಾತಾಡಲೇಬೇಕೆಂದಿಲ್ಲ. ಯಾವ ಬಡಾವಣೆಯ ಯಾವ ಮಾಲೀಕರು ಹೆಚ್ಚು ಪ್ರಶ್ನೆ ಕೇಳುವುದಿಲ್ಲ, ಯಾವ ವೈದ್ಯರು ಮುಖ ಸಿಂಡರಿಸುವುದಿಲ್ಲ ಎಂಬುದು ಆ ಕೋಣೆಯಲ್ಲಿರುವವರಿಗೆ ಗೊತ್ತಿರುತ್ತದೆ.

ನಮ್ಮ ಈಗಿನ ಮನೆಯೂ ಹಾಗೆ ಸಿಕ್ಕಿದ್ದು. ಗೆಳತಿಯೊಬ್ಬಳು ಮೊದಲೇ ಎಲ್ಲವನ್ನೂ ಹೇಳಿಟ್ಟಿದ್ದಳು. ಮಾಲಕಿ ನಮ್ಮಿಬ್ಬರನ್ನೂ ಒಮ್ಮೆ ನೋಡಿ, ‘ಟ್ಯಾಂಕ್ ತುಂಬಿದ ಕೂಡಲೇ ಮೋಟಾರ್ ಆರಿಸಬೇಕು, ನೀರು ಹರಿದು ಪೋಲಾಗಬಾರದು’ ಎಂದರು. ಮತ್ತೇನೂ ಕೇಳಲಿಲ್ಲ. ಎರಡನೆಯ ಮಂಚವನ್ನು ನಾವು ಆ ಮನೆಗೆ ಸಾಗಿಸಲಿಲ್ಲ.