ಮೈಕಿನ ಮುಂದೆ ಅಮ್ಮ, ಅರ್ಜಿಯಲ್ಲಿ ನಿಷಿದ್ಧ

ಸೌಂದರ್ಯ ಸ್ಪರ್ಧೆಯ ಮಾತು ಬಂದರೆ ಸಂಸ್ಕೃತಿಯ ಜಗಳವೆಲ್ಲ ಈಜುಡುಗೆಯ ಸುತ್ತಲೇ ಗಿರಕಿ ಹೊಡೆಯುತ್ತದೆ. 1951ರಲ್ಲಿ ಲಂಡನ್ನಿನ ಮೊದಲ ಮಿಸ್ ವರ್ಲ್ಡ್‌ನಲ್ಲಿ ಸ್ವೀಡನ್ನಿನ ಕಿಕಿ ಹಾಕನ್ಸನ್ ಬಿಕಿನಿಯಲ್ಲೇ ಕಿರೀಟ ತೊಟ್ಟರು. ದೊಡ್ಡ ರಾದ್ಧಾಂತವಾಗಿ ಬಿಕಿನಿಯಲ್ಲಿ ಕಿರೀಟ ತೊಡಿಸುವ ಪದ್ಧತಿ ಅಲ್ಲಿಗೇ ನಿಂತಿತು. 1996ರಲ್ಲಿ ಸ್ಪರ್ಧೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಬಂದಾಗ ಸ್ತ್ರೀವಾದಿಗಳು, ಸಂಸ್ಕೃತಿ ರಕ್ಷಕರು, ರೈತ ಸಂಘದವರು ಎಲ್ಲರೂ ಬೀದಿಗಿಳಿದರು. ಒಬ್ಬೊಬ್ಬರ ಕಾರಣ ಒಂದೊಂದು. ಈಜುಡುಗೆ ಸುತ್ತು ಸೀಶೆಲ್ಸ್ ದ್ವೀಪಗಳಿಗೆ ಹೋಯಿತು. 2013ರಲ್ಲಿ ಇಂಡೋನೇಷ್ಯಾದಲ್ಲಿ ಬಿಕಿನಿಯ ಜಾಗಕ್ಕೆ ಸೊಂಟಕ್ಕೆ ಸುತ್ತುವ ಸರೋಂಗ್ ಬಂತು. 2015ರಿಂದ ಮಿಸ್ ವರ್ಲ್ಡ್‌ನಲ್ಲಿ ಆ ಸುತ್ತೇ ಇಲ್ಲ; ಮಿಸ್ ಯೂನಿವರ್ಸ್ ಮಾತ್ರ ಬಿಟ್ಟಿಲ್ಲ.

ಬಟ್ಟೆ ಬದಲಿಸುವುದು ಸುಲಭ. ಸಂಪ್ರದಾಯದ ಉಡುಗೆ ಎಂದು ನಾವು ಚಪ್ಪಾಳೆ ತಟ್ಟುವ ಸೀರೆ ರ‍್ಯಾಂಪಿನ ಮೇಲೆ ಹೇಗೆ ನಿಲ್ಲುತ್ತದೆ ನೋಡಿ. ಮೊದಲು ಹೀಲ್ಸ್, ಆಮೇಲೆ ಲಂಗ. ಬರಿಗಾಲಲ್ಲಿ ಸೀರೆ ಉಟ್ಟು ಆಮೇಲೆ ಐದಿಂಚು ಏರಿದರೆ ಅಂಚು ಕಣಕಾಲಿಗೆ ಬಂದು ನಿಲ್ಲುತ್ತದೆ. ನೆಲ ಗುಡಿಸುವ ಹಾಗೆ ಇಳಿಬಿಟ್ಟರೆ ಅದಕ್ಕಿಂತ ಕೆಟ್ಟದ್ದು: ತಿರುಗುವಾಗ ಹೀಲ್ಸಿನ ಮೊನೆ ಒಳಸುತ್ತಿನ ಅಂಚಿಗೆ ಸಿಕ್ಕಿ, ನೆರಿಗೆ ಸೊಂಟದಿಂದಲೇ ಕಿತ್ತು ಬರುತ್ತದೆ. ಹಾಗಾಗಿ ಹೊರಗಿನ ಅಂಚು ನೆಲದಿಂದ ಅರ್ಧ ಇಂಚು ಮೇಲಿದ್ದರೆ, ಒಳಸುತ್ತು ಇನ್ನೂ ಒಂದಿಂಚು ಮೇಲಿರಬೇಕು. ನೆರಿಗೆಯನ್ನು ಲಂಗಕ್ಕೂ ಸೇರಿಸಿ ಪಿನ್ ಹಾಕಬೇಕು. ಭುಜಕ್ಕೆ ಒಂದೇ ಪಿನ್ ಸಾಲದು. ಜರಿ ಸೆರಗಿನ ಭಾರವೆಲ್ಲ ಅಲ್ಲೇ ಬಿದ್ದು ರೇಷ್ಮೆ ಹರಿಯುತ್ತದೆ. ಎರಡು ಪಿನ್ ಹಾಕಿ, ಕೆಳಗೆ ಬಟ್ಟೆಯ ಚೂರು ಇಟ್ಟರೆ ತಡೆಯುತ್ತದೆ. ಸ್ಪರ್ಧೆಯ ಸುತ್ತುಗಳ ನಡುವೆ ಇಷ್ಟಕ್ಕೆಲ್ಲ ಪುರಸೊತ್ತಿಲ್ಲದಿದ್ದರೆ ನೆರಿಗೆ ಹೊಲಿದಿಟ್ಟ ಸೀರೆಯೇ ಗತಿ. ನೋಡುವವರಿಗೆ ಪರಂಪರೆ, ಪಕ್ಕದಲ್ಲಿ ಜಿಪ್ಪು. ಇದರಲ್ಲಿ ತಪ್ಪೇನೂ ಇಲ್ಲ ಬಿಡಿ.

ನಿಜವಾದ ಸಂಪ್ರದಾಯ ಕೂತಿದ್ದದ್ದು ಅರ್ಜಿ ನಮೂನೆಯಲ್ಲಿ, ಯಾರು ಸ್ಪರ್ಧಿಸಬಹುದು ಎಂಬ ನಿಯಮದಲ್ಲಿ. ಅದನ್ನು ಓದಿ ಬೀದಿಗಿಳಿದವರು ಕಡಿಮೆ.

1994ರಲ್ಲಿ ಮನಿಲಾದ ಮಿಸ್ ಯೂನಿವರ್ಸ್‌ನಲ್ಲಿ ಹೆಣ್ಣುತನದ ಸಾರವೇನು ಎಂದು ಕೇಳಿದಾಗ ಸುಷ್ಮಿತಾ ಸೇನ್ ಹೇಳಿದ್ದು ತಾಯ್ತನದ ಮಾತು. 2017ರಲ್ಲಿ ಚೀನಾದ ಸಾನ್ಯಾದಲ್ಲಿ ನಡೆದ ಮಿಸ್ ವರ್ಲ್ಡ್‌ನಲ್ಲಿ ಯಾವ ವೃತ್ತಿಗೆ ಅತಿ ಹೆಚ್ಚು ಸಂಬಳ ಸಲ್ಲಬೇಕು ಎಂಬ ಪ್ರಶ್ನೆಗೆ ಮಾನುಷಿ ಛಿಲ್ಲರ್ ಕೊಟ್ಟ ಉತ್ತರವೂ ತಾಯಿಯೇ. ಇಬ್ಬರೂ ಗೆದ್ದರು. ಆಗಿನ ನಿಯಮದ ಪ್ರಕಾರ ಆ ಎರಡೂ ವೇದಿಕೆಗಳಲ್ಲಿ ತಾಯಿಯಾದವಳಿಗೆ ಸ್ಪರ್ಧಿಸುವ ಅವಕಾಶವೇ ಇರಲಿಲ್ಲ! 1974ರ ಮಿಸ್ ವರ್ಲ್ಡ್ ಹೆಲೆನ್ ಮಾರ್ಗನ್‌ಗೆ ಮದುವೆಯಿಲ್ಲದೆ ಮಗುವಿದೆ ಎಂಬುದು ಸುದ್ದಿಯಾಗಿ, ನಾಲ್ಕೇ ದಿನಕ್ಕೆ ಕಿರೀಟ ಬಿಟ್ಟರು. 2018ರಲ್ಲಿ ಮಿಸ್ ಉಕ್ರೇನ್ ವೆರೋನಿಕಾ ದಿದುಸೆಂಕೊ ವಿಚ್ಛೇದಿತೆ, ಮಗುವಿನ ತಾಯಿ ಎಂದು ಗೊತ್ತಾದ ಮೇಲೆ ಪಟ್ಟ ಕಿತ್ತುಕೊಂಡರು. ನಡುವೆ ನಲವತ್ತನಾಲ್ಕು ವರ್ಷ.

ಮಿಸ್ ಯೂನಿವರ್ಸ್ 2023ರಲ್ಲಿ ವಿವಾಹಿತೆಯರಿಗೂ ತಾಯಂದಿರಿಗೂ ಬಾಗಿಲು ತೆರೆಯಿತು, 2024ರಲ್ಲಿ 28 ವರ್ಷದ ಮಿತಿಯನ್ನೂ ತೆಗೆಯಿತು. ಬಿಕಿನಿ ವಿಚಾರದಲ್ಲಿ ಹಟ ಹಿಡಿದ ಸ್ಪರ್ಧೆಯೇ ಅರ್ಜಿಯ ವಿಚಾರದಲ್ಲಿ ಮುಂದೆ ಹೋದದ್ದು ತಮಾಷೆ. ಅಂದರೆ ಈಜುಡುಗೆ ಇದೆಯೋ ಇಲ್ಲವೋ ಎಂಬುದನ್ನು ಹಿಡಿದು ಆಧುನಿಕತೆ ಅಳೆಯಲು ಹೋದರೆ ಲೆಕ್ಕ ತಪ್ಪುತ್ತದೆ.

ವಿವಾಹಿತೆಯರಿಗೇ ಮೀಸಲಾದ ಸ್ಪರ್ಧೆಗಳು ಇವೆಯಲ್ಲ ಅನ್ನಬಹುದು. 2021ರಲ್ಲಿ ಕೊಲಂಬೊದ ಮಿಸೆಸ್ ಶ್ರೀಲಂಕಾ ವೇದಿಕೆಯಲ್ಲಿ, ಗೆದ್ದಾಕೆ ವಿಚ್ಛೇದಿತೆ, ನಿಯಮಕ್ಕೆ ವಿರುದ್ಧ ಎಂದು ಹೇಳಿ ಹಿಂದಿನ ವಿಜೇತೆ ಅವಳ ತಲೆಯಿಂದಲೇ ಕಿರೀಟ ಕಿತ್ತಳು. ಗೆದ್ದಾಕೆ ಗಂಡನಿಂದ ದೂರ ಇದ್ದಳು ಅಷ್ಟೇ, ವಿಚ್ಛೇದನ ಆಗಿರಲಿಲ್ಲ. ಅದು ಖಾತ್ರಿಯಾದ ಮೇಲೆ ಕಿರೀಟ ವಾಪಸ್ ಬಂತು.