ಮಲಗುವಾಗ ಬರುವುದಿಲ್ಲ, ಏಳುವಾಗ ಬರ್ತದೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ನಡುವೆ ಒಂದು ಮನೆ. ಕಳೆದ ವರ್ಷ ಏಪ್ರಿಲ್‌ನಲ್ಲಿ ಹದಿನೈದು ದಿನದ ಒಳಗೆ ಆ ಮನೆಗೆ ಮೂರು ಸಲ ಹೋದೆ. ದೂರು ಒಂದೇ. ಎಸಿ ಸರಿಯಾಗಿ ತಂಪು ಕೊಡುವುದಿಲ್ಲ. ಫೋನ್ ಮಾಡಿದ್ದು ದುಬೈಯಲ್ಲಿರುವ ಮಗ. ಮನೆಯಲ್ಲಿರುವುದು ಅಮ್ಮ ಒಬ್ಬರೇ.

ಮೊದಲ ಸಲ ಫಿಲ್ಟರ್ ತೊಳೆದು ಬಂದೆ. ಎರಡನೆಯ ಸಲ ಗ್ಯಾಸ್ ಪ್ರೆಶರ್ ನೋಡಿದೆ, ಔಟ್‌ಡೋರ್ ಯೂನಿಟ್‌ಗೆ ನೀರು ಹೊಡೆದೆ, ನನ್ನ ಥರ್ಮಾಮೀಟರನ್ನು ಎಸಿ ನಡೆಸುವ ಗೋಡೆಯ ಥರ್ಮೋಸ್ಟಾಟ್ ಪಕ್ಕ ಹಿಡಿದು ಎರಡೂ ಒಂದೇ ತೋರಿಸುತ್ತವಾ ಅಂತ ನೋಡಿದೆ. ಎಲ್ಲ ಸರಿ ಇತ್ತು. ಕೈಯಲ್ಲೇ 22ಕ್ಕೆ ಇಳಿಸಿದರೆ ಐದೇ ನಿಮಿಷದಲ್ಲಿ ಒಳ್ಳೆಯ ತಣ್ಣನೆ ಗಾಳಿ. ಎರಡು ಸಲವೂ ಹೋದದ್ದು ಬೆಳಿಗ್ಗೆ ಹತ್ತು ಗಂಟೆಗೆ. ಎರಡು ಸಲವೂ ವಿಸಿಟ್ ಚಾರ್ಜ್ ತೆಗೆದುಕೊಂಡೆ. ಮತ್ತೆ ಎರಡು ಸಲವೂ ಆ ಅಮ್ಮ ನನಗೆ ಒಂದೇ ಮಾತು ಹೇಳಿದ್ದರು. "ನಾನು ಮಲಗುವಾಗ ಬರುವುದಿಲ್ಲ ಮಗಾ, ಏಳುವಾಗ ಬರ್ತದೆ."

ಆ ಮಾತು ಕಿವಿಗೆ ಬಿದ್ದಿತ್ತು. ವಯಸ್ಸಾದವರು ಬೇಜಾರಿನಲ್ಲಿ ಹೇಳುವ ಮಾತು ಅಂತ ತಿಳಿದುಕೊಂಡು ಟೂಲ್ ಬ್ಯಾಗ್ ಹೆಗಲಿಗೆ ಹಾಕಿ ಹೊರಟುಬಿಟ್ಟಿದ್ದೆ. ಎಸಿ ಕೆಲಸಕ್ಕೆ ಇಳಿದು ಹದಿನೈದು ವರ್ಷ ದಾಟಿದೆ. ಅದರಲ್ಲಿ ಒಂಬತ್ತು ವರ್ಷ ದುಬೈಯಲ್ಲಿ. ಇಷ್ಟು ವರ್ಷದಲ್ಲಿ ಗಿರಾಕಿಯೊಬ್ಬರು ಇಷ್ಟು ಸರಿಯಾಗಿ ದೋಷ ಹೇಳಿದ್ದು ನನಗೆ ನೆನಪಿಲ್ಲ. ಅದನ್ನೇ ನಾನು ಬಿಟ್ಟುಬಿಟ್ಟಿದ್ದೆ.

ಮೊದಲು ಆ ಮೆಷಿನ್ ಬಗ್ಗೆ ಹೇಳುತ್ತೇನೆ. ಕಾಸರಗೋಡು ಕಡೆ ಮನೆಗಳಲ್ಲಿ ಜಾಸ್ತಿ ಇರುವುದು ಕೋಣೆಗೊಂದು ಸ್ಪ್ಲಿಟ್ ಎಸಿ. ಈ ಮನೆಯಲ್ಲಿ ಹಾಗಲ್ಲ. ಮಗ ದುಬೈಯ ಮನೆಗಳನ್ನು ನೋಡಿ, ಸೀಲಿಂಗ್ ಮೇಲೆ ಗಾಳಿ ಹೋಗುವ ಡಕ್ಟ್ ಎಳೆಸಿ, ಚಾವಡಿಗೂ ಎರಡು ಕೋಣೆಗೂ ಸೇರಿಸಿ ಒಂದೇ ಮೆಷಿನ್ ಹಾಕಿಸಿದ್ದಾರೆ. ತಂಪು, ಬಿಸಿ ಎರಡೂ ಕೊಡುವ ಮೆಷಿನ್. ಅದನ್ನು ನಡೆಸುವುದು ಗೋಡೆಯಲ್ಲಿರುವ ಅಂಗೈ ಅಗಲದ ಥರ್ಮೋಸ್ಟಾಟ್. ಕೋಣೆಯ ಬಿಸಿ ಅಳೆಯುತ್ತದೆ, ನಾವು ಇಟ್ಟ ಡಿಗ್ರಿಗಿಂತ ಸ್ವಲ್ಪ ಮೇಲೆ ಹೋದರೆ ಕಂಪ್ರೆಸರ್‌ಗೆ 'ನಡಿ' ಅನ್ನುತ್ತದೆ, ಕೆಳಗೆ ಬಂದರೆ 'ಸಾಕು' ಅನ್ನುತ್ತದೆ. ಅಷ್ಟೇ ಅದರ ಕೆಲಸ. ಇಂಥ ಆನ್-ಆಫ್ ಮೆಷಿನ್‌ನಲ್ಲಿ 16ಕ್ಕೆ ಇಟ್ಟರೆ ಬೇಗ ತಂಪಾಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಆಗುವುದಿಲ್ಲ. 25ಕ್ಕೆ ಇಟ್ಟರೂ 16ಕ್ಕೆ ಇಟ್ಟರೂ ಗಾಳಿ ಅಷ್ಟೇ ತಣ್ಣಗೆ ಬರುತ್ತದೆ. 16ಕ್ಕೆ ಇಟ್ಟರೆ ಮೆಷಿನ್ ನಿಲ್ಲುವುದೇ ಇಲ್ಲ, ಕರೆಂಟ್ ಮಾತ್ರ ಹೋಗುತ್ತಾ ಇರುತ್ತದೆ. ಒಂದು ಡಿಗ್ರಿ ಏರಿಸಿದರೆ ಸುಮಾರು 6 ಶೇಕಡಾ ಕರೆಂಟ್ ಉಳಿಯುತ್ತದೆ ಅಂತ ಕರೆಂಟ್ ಉಳಿತಾಯ ನೋಡಿಕೊಳ್ಳುವ ಕೇಂದ್ರ ಸರಕಾರದ ಸಂಸ್ಥೆ ಬಿಇಇಯವರ ಲೆಕ್ಕ. ಸ್ಟಾರ್ ಗುರುತಿನ ರೂಮ್ ಎಸಿಗಳು ಫ್ಯಾಕ್ಟರಿಯಿಂದ ಬರುವಾಗಲೇ 24ರಲ್ಲಿ ಇರಬೇಕು ಅಂತ 2020ರ ಜನವರಿ 1ರಿಂದ ನಿಯಮವೂ ಆಗಿದೆ.

ಈ ಥರ್ಮೋಸ್ಟಾಟ್‌ಗೆ ದಿನದ ಶೆಡ್ಯೂಲ್ ಹಾಕಬಹುದು. ಸಾಮಾನ್ಯವಾಗಿ ದಿನವನ್ನು ನಾಲ್ಕು ಭಾಗ ಮಾಡಿರುತ್ತಾರೆ. ಏಳುವ ಹೊತ್ತು, ಮನೆಯಿಂದ ಹೊರಡುವ ಹೊತ್ತು, ವಾಪಸ್ ಬರುವ ಹೊತ್ತು, ಮಲಗುವ ಹೊತ್ತು. ಎಲ್ಲರೂ ಆಫೀಸಿಗೆ, ಶಾಲೆಗೆ ಹೋಗಿ ಮನೆ ಖಾಲಿಯಾಗುವ ಸಂಸಾರಕ್ಕೆ ಮಾಡಿದ ಲೆಕ್ಕ ಅದು. ಬೆಳಿಗ್ಗೆಯಿಂದ ರಾತ್ರಿವರೆಗೆ ಮನೆಯಲ್ಲೇ ಇರುವ ನಮ್ಮ ಅಮ್ಮಂದಿರ ದಿನ ಅದರಲ್ಲಿ ಇಲ್ಲ. ಆದರೆ ಹೆಸರು ಏನೇ ಇದ್ದರೂ ನಾಲ್ಕು ಸಮಯ, ನಾಲ್ಕು ಡಿಗ್ರಿ ನಮಗೆ ಸಿಗುತ್ತದೆ. ಅದನ್ನು ನಮ್ಮ ದಿನಕ್ಕೆ ಹೊಂದಿಸಿಕೊಂಡರೆ ಆಯಿತು. ದುಬೈಯಲ್ಲಿ ನಾನಿದ್ದಾಗಲೂ ಇದೇ ತಾಪತ್ರಯ ಇತ್ತು. ಥರ್ಮೋಸ್ಟಾಟ್‌ನೊಳಗೆ ವಾರದ ರಜೆ ಶನಿವಾರ-ಭಾನುವಾರ, ಅಲ್ಲಿ ಆಗ ಶುಕ್ರವಾರ-ಶನಿವಾರ. ಪ್ರತಿ ಮನೆಯಲ್ಲೂ ಕೂತು ವಾರ ತಿರುಗಿಸಿ ಹಾಕುತ್ತಿದ್ದೆವು. 2022ರಲ್ಲಿ ಯುಎಇ ರಜೆಯನ್ನೇ ಬದಲಿಸಿತು. ಅಷ್ಟರಲ್ಲಿ ನಾನು ಊರಿಗೆ ಬಂದಿದ್ದೆ.

ಬದಿಯಡ್ಕದ ಮನೆಗೆ ಸಮಯ ಹೇಳಿದ್ದು ಮಗನೇ. ಅಮ್ಮ ಬೆಳಿಗ್ಗೆ ಐದೂವರೆಗೆ ಎದ್ದು ಬಾಗಿಲು ತೆಗೆಯುತ್ತಾರೆ, ಆಮೇಲೆ ಎಸಿ ಬೇಡ. ಮಧ್ಯಾಹ್ನ ಊಟ ಆಗಿ ಒಂದು ಗಂಟೆಗೆ ಮಲಗುತ್ತಾರೆ, ಎರಡೂವರೆಗೆ ಏಳುತ್ತಾರೆ. ರಾತ್ರಿ ಒಂಬತ್ತಕ್ಕೆ ಮಲಗುತ್ತಾರೆ. ಎಷ್ಟು ಸರಿಯಾಗಿ ನೆನಪಿಟ್ಟಿದ್ದರು ನೋಡಿ. ಮಲಗುವ ಹೊತ್ತಿಗೆ 25, ಉಳಿದ ಹೊತ್ತಿಗೆ 32. 32 ಅಂದರೆ ಹೆಚ್ಚುಕಡಿಮೆ ಆಫ್ ಇದ್ದ ಹಾಗೆ. ನಾನು ಗೋಡೆಗೆ ಥರ್ಮೋಸ್ಟಾಟ್ ಕೂರಿಸಿ ವೈಫೈಗೆ ಸೇರಿಸಿದೆ. ಅವರು ಅಲ್ಲಿಂದಲೇ ತಮ್ಮ ಫೋನಿನ ಆಪ್‌ನಲ್ಲಿ ಸಮಯ ಹಾಕಿದರು. ವೀಡಿಯೋ ಕಾಲ್‌ನಲ್ಲಿ ನನಗೂ ತೋರಿಸಿದರು. ಒಂದು ಗಂಟೆ, 25. ಸರಿ ಇದೆ ಅಣ್ಣಾ ಅಂತ ನಾನೇ ಹೇಳಿದ್ದು.

ಮೂರನೆಯ ಸಲ ಬೇಕಂತಲೇ ಮಧ್ಯಾಹ್ನ ಹೋದೆ. ಬೇರೆ ದಾರಿ ಇರಲಿಲ್ಲ, ಮೆಷಿನ್‌ನಲ್ಲಿ ನೋಡಲು ಏನೂ ಉಳಿದಿರಲಿಲ್ಲ. ಒಂದೂಮುಕ್ಕಾಲಿಗೆ ತಲುಪಿದೆ. ಅಮ್ಮ ಚಾವಡಿಯ ಮಂಚದಲ್ಲಿ ಗೋಡೆಗೆ ಒರಗಿ ಕೂತಿದ್ದರು. ಕೈಯಲ್ಲಿ ಅಡಿಕೆ ಹಾಳೆಯ ಬೀಸಣಿಗೆ. ಅಂಚು ಸವೆದು ಬಿಳಿಯಾಗಿತ್ತು. ತಲೆಯ ಮೇಲೆ ನೇರ ಡಕ್ಟ್‌ನ ಜಾಲರಿ, ಅದರಿಂದ ಗಾಳಿ ಇಲ್ಲ. ಕೆಂಪು ಕಲ್ಲಿನ ಗೋಡೆ ಮುಟ್ಟಿದರೆ ಬೆಚ್ಚಗೆ. ಥರ್ಮೋಸ್ಟಾಟ್‌ನಲ್ಲಿ 31.

"ಅಮ್ಮಾ, ಒತ್ತಿ ಆನ್ ಮಾಡಬಹುದಿತ್ತಲ್ಲ?"

"ಬೇಡ ಮಗಾ. ಅವನು ಅಲ್ಲಿಂದ ಇಟ್ಟದ್ದು. ನಾನು ಮುಟ್ಟಿ ಹಾಳಾದರೆ?"

ಒಂದು ಬಟನ್ ಒತ್ತಿದರೆ ತಂಪಾಗುವ ಮನೆಯಲ್ಲಿ ಅವರು ಅಷ್ಟು ದಿನ ಬೀಸಣಿಗೆ ಹಿಡಿದು ಕೂತಿದ್ದರು. ನನಗೆ ಬಹಳ ಬೇಸರವಾಯಿತು. ಕೂರಿಸಿದ ದಿನ ಅವರನ್ನು ಕರೆದು ಈ ಬಟನ್ ಒತ್ತಿ, ಏನೂ ಆಗುವುದಿಲ್ಲ, ಮುಂದಿನ ಸಮಯ ಬಂದಾಗ ಅದೇ ತನ್ನ ಲೆಕ್ಕಕ್ಕೆ ಹೋಗುತ್ತದೆ ಅಂತ ತೋರಿಸಬೇಕಿತ್ತು. ಎರಡು ನಿಮಿಷದ ಕೆಲಸ. ನಾನು ತೋರಿಸಿದ್ದು ಫೋನಿನಲ್ಲಿದ್ದ ಮಗನಿಗೆ ಮಾತ್ರ.

ನಾನು ಮುಟ್ಟದೆ ಕಾದು ಕೂತೆ. ಅವರು ಮಜ್ಜಿಗೆ ಕೊಟ್ಟರು. ಗೋಡೆಯಿಂದ 'ಟಿಕ್' ಅಂತ ಸಣ್ಣ ಶಬ್ದ ಬಂತು, ಥರ್ಮೋಸ್ಟಾಟ್‌ನ ಒಳಗಿನ ಸ್ವಿಚ್, ರಿಲೇ. ಸ್ವಲ್ಪ ಹೊತ್ತಿಗೆ ಹಿತ್ತಲಲ್ಲಿ ಕಂಪ್ರೆಸರ್ ಗುಂಯ್ ಅಂದಿತು, ಜಾಲರಿಯಿಂದ ಗಾಳಿ ಇಳಿಯಿತು. ಅಮ್ಮ ಬೀಸಣಿಗೆ ಕೆಳಗಿಟ್ಟು ಗಡಿಯಾರದ ಕಡೆ ಕೈ ತೋರಿಸಿದರು. "ನೋಡು, ಎರಡೂವರೆ. ಇನ್ನು ನಾನು ಚಾ ಇಡ್ಲಿಕ್ಕೆ ಏಳಬೇಕು."

ಒಂದು ಗಂಟೆಗೆ ಬರಬೇಕಾದ್ದು ಎರಡೂವರೆಗೆ ಬಂದಿದೆ. ಒಂದೂವರೆ ಗಂಟೆ ತಡ.

ಈ ಒಂದೂವರೆ ಗಂಟೆಯನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂಬತ್ತು ವರ್ಷ ದಿನಾ ಲೆಕ್ಕ ಹಾಕಿದ್ದೇನೆ. ಅಲ್ಲಿ ಡ್ಯೂಟಿ ಮುಗಿದು ಕ್ಯಾಂಪಿಗೆ ಬಂದು ಸ್ನಾನ ಮಾಡಿ ಫೋನ್ ಹಿಡಿದರೆ ಎಂಟೂವರೆ. ಊರಲ್ಲಿ ಹತ್ತು. ನನ್ನ ಅಮ್ಮ ನಿದ್ದೆ ಹಿಡಿದುಕೊಂಡು ಕಾಯುತ್ತಿದ್ದರು. ಅಲ್ಲಿ ಒಂದು ಗಂಟೆ ಅಂದರೆ ಇಲ್ಲಿ ಎರಡೂವರೆ. ಅಲ್ಲಿ ಒಂಬತ್ತು ಅಂದರೆ ಇಲ್ಲಿ ಹತ್ತೂವರೆ. ಈ ಮನೆಯ ಥರ್ಮೋಸ್ಟಾಟ್ ಬದಿಯಡ್ಕದ ಗೋಡೆಯಲ್ಲಿ ಕೂತು ದುಬೈ ಸಮಯದಲ್ಲಿ ನಡೆಯುತ್ತಿತ್ತು!

ಆದದ್ದು ಇಷ್ಟೇ. ಆಪ್‌ನಲ್ಲಿ ಅಕೌಂಟ್ ಮಾಡುವಾಗ ಮಗ ಇದ್ದದ್ದು ದುಬೈಯಲ್ಲಿ. ಸ್ಥಳ ಅಂತ ಕೇಳಿದ ಕಡೆ ಅದೇ ಊರು ಬಿದ್ದಿದೆ. ವೈಫೈ ಥರ್ಮೋಸ್ಟಾಟ್ ತನ್ನ ಗಡಿಯಾರವನ್ನು ಆ ಸ್ಥಳದ ಪ್ರಕಾರ ಇಟ್ಟುಕೊಂಡಿದೆ. ಈ ಮಾದರಿಯಲ್ಲಿ ಗೋಡೆಯ ಮೇಲೆ ಡಿಗ್ರಿ ಮಾತ್ರ ಕಾಣುತ್ತದೆ, ಸಮಯ ನೋಡಬೇಕಾದರೆ ಮೆನು ಒಳಗೆ ಹೋಗಬೇಕು. ನಾನು ಹೋಗಿರಲಿಲ್ಲ. ಮಗನ ಫೋನಿನಲ್ಲಿ ನೋಡಿದರೆ ಒಂದು ಗಂಟೆ ಅಂತಲೇ ಇದೆ, ಅವರ ಗಡಿಯಾರಕ್ಕೆ ಅದು ಸರಿಯೇ. ಅವರ ತಪ್ಪೂ ಅಲ್ಲ, ಮೆಷಿನ್ ತಪ್ಪೂ ಅಲ್ಲ. ಕೂರಿಸಿದವನು ನಾನು, ಸ್ಥಳ ಮತ್ತು ಸಮಯ ನೋಡಿ ಬಿಡಬೇಕಾದವನೂ ನಾನು.

ಬೆಳಿಗ್ಗೆಯದ್ದು ಇನ್ನೂ ದಂಡ. ಐದೂವರೆಗೆ ನಿಲ್ಲಬೇಕಾದ ಎಸಿ ಏಳು ಗಂಟೆವರೆಗೆ ಓಡುತ್ತಿತ್ತು, ಹಿಂದೆ-ಮುಂದೆ ಎರಡೂ ಬಾಗಿಲು ತೆರೆದಿರುವಾಗ. ತೋಟದ ತೇವದ ಗಾಳಿಯನ್ನೆಲ್ಲ ಒಣಗಿಸಲು ಹೊರಟ ಹಾಗೆ. ಕೇರಳದಲ್ಲಿ ಮನೆಗಳಿಗೆ ಕರೆಂಟ್ ಬಿಲ್ ಎರಡು ತಿಂಗಳಿಗೊಮ್ಮೆ. ತಿಂಗಳಿಗೆ 250 ಯೂನಿಟ್ ದಾಟಿದರೆ ಹಂತ ಹಂತದ ದರ ಹೋಗಿ, ಮೊದಲ ಯೂನಿಟ್‌ನಿಂದಲೇ ಎಲ್ಲದಕ್ಕೂ ಒಂದೇ ಜಾಸ್ತಿ ದರ ಬೀಳುತ್ತದೆ. ಆ ಗೆರೆಯ ಹತ್ತಿರ ಇರುವ ಮನೆಗೆ ದಿನಕ್ಕೆ ಒಂದೂವರೆ ಗಂಟೆ ಸುಮ್ನೆ ಓಡಿದರೆ ಏನಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ.

ಮಗನಿಗೆ ಫೋನ್ ಮಾಡಿ ಸ್ಥಳ ಬದಲಿಸಿದೆವು. ಮೊದಲ ಎರಡು ವಿಸಿಟ್ ಚಾರ್ಜ್ ಅಮ್ಮನ ಕೈಗೆ ವಾಪಸ್ ಕೊಟ್ಟೆ. ಬೇಡ ಬೇಡ ಅಂದರು, ಮೇಜಿನ ಮೇಲೆ ಇಟ್ಟು ಬಂದೆ.

ಅಂದಿನಿಂದ ದೂರು ಬಂದ ಕೂಡಲೇ ನಾನು ಕೇಳುವ ಮೊದಲ ಪ್ರಶ್ನೆ 'ಯಾವಾಗ' ಅಂತ. ಎಷ್ಟು ಗಂಟೆಗೆ ಆಗುತ್ತದೆ, ಆಗ ಮನೆಯಲ್ಲಿ ಯಾರಿರುತ್ತಾರೆ, ಏನು ಮಾಡುತ್ತಿರುತ್ತಾರೆ. ಫೋನ್ ಮಾಡಿದವರನ್ನು ಬಿಟ್ಟು ಮನೆಯಲ್ಲಿ ಇರುವವರನ್ನೇ ಕೇಳುತ್ತೇನೆ. ನನ್ನ ಅನುಭವದಲ್ಲಿ, ದಿನವಿಡೀ ಇರುವ ದೋಷ ಆದರೆ ವೈರಿನಲ್ಲೋ ಗ್ಯಾಸಿನಲ್ಲೋ ಮೊದಲ ಸೆಟ್ಟಿಂಗಿನಲ್ಲೋ ಇರುತ್ತದೆ. ಮಡಿಕೇರಿಯ ಒಂದು ಮನೆಯಲ್ಲಿ ಹೀಟ್ ಒತ್ತಿದರೆ ತಂಪು, ಕೂಲ್ ಒತ್ತಿದರೆ ಬಿಸಿ. ಬಿಸಿ-ತಂಪು ತಿರುಗಿಸುವ ವಾಲ್ವ್‌ಗೆ ಯಾವಾಗ ಕರೆಂಟ್ ಕೊಡಬೇಕು ಅನ್ನುವ ಸೆಟ್ಟಿಂಗ್ ಉಲ್ಟಾ ಇತ್ತು, ಬದಲಿಸಿದೆ, ಮುಗಿಯಿತು. ಅದಕ್ಕೆ ಗಂಟೆ ಕೇಳಬೇಕಾಗಿಲ್ಲ. ಆದರೆ ಒಂದು ಹೊತ್ತಿಗೆ ಮಾತ್ರ ಬರುವ ದೋಷ ಇದ್ದರೆ ಮೆಷಿನ್ ಬಿಚ್ಚುವ ಮೊದಲು ಮನೆಯ ದಿನಚರಿ ನೋಡಬೇಕು.

ಕುಂಬಳೆಯಲ್ಲಿ ಒಬ್ಬರು, "ಸಂಜೆ ಆರೂವರೆ ಆದ ಮೇಲೆ ವಿಪರೀತ ತಂಪು, ಮಕ್ಕಳಿಗೆ ಶೀತ ಆಗ್ತದೆ" ಅಂದರು. ಮೊದಲಿನ ನಾನಾದರೆ ಸೆನ್ಸರ್ ಬದಲಿಸುತ್ತಿದ್ದೆ. ಆರೂವರೆಗೆ ಏನು ಮಾಡುತ್ತೀರಿ ಅಂತ ಕೇಳಿದೆ. ದೀಪ ಹಚ್ಚುತ್ತೇವೆ ಅಂದರು. ದೇವರ ಮಂಟಪ ಇದ್ದದ್ದು ಥರ್ಮೋಸ್ಟಾಟ್‌ನ ಕೆಳಗೆ. ದೀಪದ ಬಿಸಿ ನೇರ ಮೇಲೆ ಹೋಗಿ ಅದಕ್ಕೆ ತಾಗುತ್ತದೆ, ಅದು ಇಡೀ ಮನೆ ಬಿಸಿ ಅಂತ ತಿಳಿದು ಮೆಷಿನ್ ಓಡಿಸುತ್ತದೆ. ಎದುರು ಗೋಡೆಗೆ, ನೆಲದಿಂದ ಐದಡಿ ಎತ್ತರಕ್ಕೆ, ಬಿಸಿಲು ಬೀಳದ ಕಡೆ ತೆಗೆದು ಹಾಕಿದೆ. ದೂರು ನಿಂತಿತು.

ಇನ್ನೊಂದು ಮನೆಯಲ್ಲಿ ಮಳೆಗಾಲದಲ್ಲಿ ಮಾತ್ರ ಬೂಸ್ಟು ವಾಸನೆ. ಅಲ್ಲಿ ಥರ್ಮೋಸ್ಟಾಟ್‌ನ ಫ್ಯಾನ್ 'ಆನ್'ನಲ್ಲಿ ಇತ್ತು. ನಮ್ಮ ಆಟಿ ತಿಂಗಳ ಹವೆಯಲ್ಲಿ ಇದು ದೊಡ್ಡ ತಪ್ಪು. ಕಂಪ್ರೆಸರ್ ನಿಂತ ಮೇಲೂ ಫ್ಯಾನ್ ತಿರುಗುತ್ತಿದ್ದರೆ ಒಳಗಿನ ತಣ್ಣನೆ ಕೊಳವೆಗಳ (ಕಾಯಿಲ್) ಮೇಲೆ ಕೂತ ನೀರು ಆವಿಯಾಗಿ ವಾಪಸ್ ಕೋಣೆಗೇ ಬರುತ್ತದೆ. 'ಆಟೋ'ದಲ್ಲಿಟ್ಟರೆ ಕಂಪ್ರೆಸರ್ ಜೊತೆಗೇ ಫ್ಯಾನೂ ನಿಲ್ಲುತ್ತದೆ, ನೀರು ಇಳಿದು ಪೈಪಿನಲ್ಲಿ ಹೊರಗೆ ಹೋಗುತ್ತದೆ. ಕರಾವಳಿಯಲ್ಲಿ ಇಂಥ ಮೆಷಿನ್ ಇರುವವರು ಇದೊಂದನ್ನು ಇವತ್ತೇ ನೋಡಿಕೊಳ್ಳಿ.

ಬದಿಯಡ್ಕದ ಮನೆಯಲ್ಲಿ ಹೊರಡುವ ಮೊದಲು ಕ್ಯಾಲೆಂಡರ್‌ನ ಹಳೆಯ ಹಾಳೆಯ ಹಿಂದೆ ನಾಲ್ಕು ಸಮಯ, ನಾಲ್ಕು ಡಿಗ್ರಿ ದೊಡ್ಡ ಅಕ್ಷರದಲ್ಲಿ ಬರೆದು ಥರ್ಮೋಸ್ಟಾಟ್ ಪಕ್ಕ ಅಂಟಿಸಿದ್ದೆ. ಸಮಯ ಬದಲಿಸುವುದು ಹೇಗೆ ಅಂತ ಅಮ್ಮನ ಬೆರಳಿನಿಂದಲೇ ಮಾಡಿಸಿದ್ದೆ. ಮೂರು ಸಲ ಮಾಡಿದರು. ಮೂರನೆಯ ಸಲ ನಾನು ಬಾಯಿ ಬಿಡಲಿಲ್ಲ.

ಈ ಸಲ ಬೇಸಿಗೆಗೆ ಮುಂಚೆ ಸರ್ವಿಸ್‌ಗೆ ಹೋದಾಗ ಆ ಹಾಳೆ ಅಲ್ಲೇ ಇತ್ತು. ನಾನು ಬರೆದ 1-00ಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಪಕ್ಕದಲ್ಲಿ 12-40 ಅಂತ ಬರೆದಿತ್ತು. ಥರ್ಮೋಸ್ಟಾಟ್ ಒಳಗೆ ನೋಡಿದೆ, ಅಲ್ಲೂ 12-40.

"ಮಗ ಬದಲಿಸಿದ್ದಾ ಅಮ್ಮಾ?"

"ಅಲ್ಲ, ನಾನೇ. ಒಂದು ಗಂಟೆಗೆ ಶುರುವಾದರೆ ಕೋಣೆ ತಂಪಾಗುವಾಗ ಒಂದೂಇಪ್ಪತ್ತು ಆಗ್ತದೆ. ನಾನು ಮಲಗುವುದು ಒಂದಕ್ಕೆ ಅಲ್ವಾ?"